ಪಾಣಿಪತ್ತಿನ ಪಾಠ ಮತ್ತು ವಾನವಡಿಯ ಛತ್ರಿ

ಪುಣೆಯ ವಾನವಡಿಯಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಶಿಂದೆ ಛತ್ರಿ ಸಿಗುತ್ತದೆ. 1794ರಲ್ಲಿ ಇಲ್ಲಿಯೇ ತೀರಿಕೊಂಡ ಮರಾಠಾ ಸರದಾರ ಮಹಾದಜಿ ಶಿಂದೆಯವರ ಸ್ಮಾರಕವದು. ಧಾರವಾಡದಿಂದ ಬರುವ ನೆಂಟರನ್ನು ನಾನು ತಪ್ಪದೆ ಅಲ್ಲಿಗೆ ಕರೆದೊಯ್ಯುತ್ತೇನೆ. ಅವರು ಕಿಟಕಿಯ ಬಣ್ಣದ ಗಾಜುಗಳನ್ನು ನೋಡುತ್ತ ನಿಂತರೆ, ಸೋತ ಸೈನ್ಯವೊಂದು ತನ್ನ ಸೋಲಿನಿಂದ ಕಲಿಯುವುದೆಷ್ಟು, ಕಲಿಯದೆ ಬಿಡುವುದೆಷ್ಟು ಎಂಬ ಹಳೆಯ ಲೆಕ್ಕವನ್ನು ನಾನು ಮತ್ತೆ ತೆಗೆಯುತ್ತೇನೆ.

1761ರ ಜನವರಿ 14ರಂದು, ಅಹ್ಮದ್ ಶಾ ಅಬ್ದಾಲಿಯೆದುರು ಮರಾಠರು ಸೋತ ಪಾಣಿಪತ್ತಿನಲ್ಲಿ, ಮಹಾದಜಿಯವರ ಕಾಲಿಗೆ ಬಿದ್ದ ಏಟು ಅವರನ್ನು ಜೀವನಪರ್ಯಂತ ಕುಂಟರನ್ನಾಗಿಸಿತು. ಅವರನ್ನು ಉಳಿಸಿ ತಂದವನು ರಾಣೇಖಾನ್ ಎಂಬ ನೀರು ಹೊರುವವನು. ಅದೇ ರಣದಲ್ಲಿ ಮರಾಠರ ಕಡೆಯ ಇಬ್ರಾಹಿಂ ಖಾನ್ ಗಾರ್ದಿಯ ಬಂದೂಕುಧಾರಿ ಕಾಲಾಳುಗಳು ಸಾಲುಗಟ್ಟಿ ಹೋರಾಡಿದ ರೀತಿ ಮಹಾದಜಿಯವರ ಮನಸ್ಸಿನಲ್ಲಿ ಉಳಿದಿರಬೇಕು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಅವರು ಯುರೋಪಿನ ಸವಾಯ್ ನಾಡಿನ ದ ಬ್ವಾನ್ಯ್ ಎಂಬ ಅಧಿಕಾರಿಯನ್ನು ಸಂಬಳಕ್ಕಿಟ್ಟು ಕವಾಯತು ಕಲಿತ ಪಲ್ಟನ್‌ಗಳನ್ನು ಕಟ್ಟಿಸಿದರು, ಆಗ್ರಾದಲ್ಲಿ ತೋಪುಗಳನ್ನು ಎರಕ ಹೊಯ್ಯಿಸಿದರು. 1790ರಲ್ಲಿ ಮೇಡ್ತಾದ ಬಯಲಿನಲ್ಲಿ ರಾಠೋಡರ ಹೆಸರಾಂತ ಕುದುರೆಪಡೆ ಈ ಪಲ್ಟನ್‌ಗಳ ಮುಂದೆ ನಿಲ್ಲಲಾಗಲಿಲ್ಲ.

ಆದರೆ ಪಲ್ಟನ್‌ಗಳಿಗೆ ಹುಕುಂ ಕೊಡುವವರು ಕೂಲಿಗೆ ಬಂದ ಯುರೋಪಿಯನ್ನರಾಗಿಯೇ ಉಳಿದರು. 1803ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಯುದ್ಧ ಬಂದಾಗ, ಮಹಾದಜಿಯವರ ಉತ್ತರಾಧಿಕಾರಿ ದೌಲತ್‌ರಾವ್ ಶಿಂದೆಯ ಚಾಕರಿ ಬಿಟ್ಟು ಬರುವವರಿಗೆ ತಾನು ಸಂಬಳ ಕೊಡುವುದಾಗಿ ಕಂಪನಿ ಸಾರಿದ್ದೇ ತಡ, ಅನೇಕ ಅಧಿಕಾರಿಗಳು ಹೊರಟುಹೋದರು. ಆದರೂ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಶಿಂದೆಯ ಗೋಲಂದಾಜರು ತೋಪುಗಳನ್ನು ಬಿಡದೆ ಕಾದಿದರು. ಗೆದ್ದ ಕಂಪನಿಯ ಸೇನಾನಿ ವೆಲ್ಲೆಸ್ಲಿಯ ಪಡೆಯಲ್ಲೂ ಸುಮಾರು ಮೂರರಲ್ಲೊಂದು ಪಾಲು ಸತ್ತು, ಗಾಯಗೊಂಡಿತು. ಪಾಣಿಪತ್ತಿನಿಂದ ಸಿಪಾಯಿ ಕಲಿಯಬೇಕಾದದ್ದನ್ನು ಕಲಿತಿದ್ದ, ದರಬಾರು ಕಲಿತಿರಲಿಲ್ಲ. ಯಾರ ಗಾದಿಯೂ ಅಲುಗದ ಪಾಠವನ್ನು ಸೈನ್ಯಗಳು ಬೇಗ ಕಲಿಯುತ್ತವೆ ಎಂಬುದು ನನ್ನ ಅನುಮಾನ.

1962ರಲ್ಲಿ ಚೀನಾದೆದುರು ಸೋತ ನಂತರದ ಕಥೆಯೂ ಇದೇ ದಾರಿಯದು. ನಮ್ಮ ಸೊಸೈಟಿಯಲ್ಲಿ ಬೆಳಗಾವಿ ಕಡೆಯ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಎತ್ತರದ ಗಾಳಿಗೆ ಮೈ ಒಗ್ಗಿಸುವ ಮೂರು ಹಂತಗಳನ್ನು, ಅಂದರೆ ಮೊದಲಿಗೆ ಆರು ದಿನ, ಮೇಲೇರಿದಂತೆ ನಾಲ್ಕು, ಮತ್ತೆ ನಾಲ್ಕು ದಿನ ಎಂಬ ಲೆಕ್ಕವನ್ನು, ಅವರು ಈಗಲೂ ಮಗ್ಗಿಯಂತೆ ಒಪ್ಪಿಸುತ್ತಾರೆ. 1962ರಲ್ಲಿ ಬಯಲುಸೀಮೆಯಿಂದ ಹತ್ತಿಬಟ್ಟೆಯಲ್ಲೇ ಹಿಮಾಲಯಕ್ಕೆ ದೌಡಾಯಿಸಿದ ಜವಾನರ ಪಾಡು ಇಂಥ ನಿಯಮಗಳ ಹಿಂದಿದೆ. ಪರ್ವತ ಡಿವಿಷನ್‌ಗಳೂ ಆ ಯುದ್ಧದ ಬೆನ್ನಿಗೇ ಬಂದವು. 1999ರ ಕಾರ್ಗಿಲ್ ಯುದ್ಧದ ನಂತರ ಮೇಲ್ಮಟ್ಟದಲ್ಲಿ ಆಗಬೇಕಿದ್ದ ಬದಲಾವಣೆಗೆ ಮಾತ್ರ ಇಂಥ ಅವಸರ ಯಾರಿಗೂ ಇರಲಿಲ್ಲ. ಮೂರೂ ಪಡೆಗಳಿಗೆ ಒಬ್ಬ ಮುಖ್ಯಸ್ಥನಿರಬೇಕೆಂದು 2001ರಲ್ಲಿ ಸಚಿವರ ಗುಂಪೇ ಶಿಫಾರಸು ಮಾಡಿದ್ದರೂ ಆ ಹುದ್ದೆಗೆ ಮೊದಲ ವ್ಯಕ್ತಿ ಬಂದದ್ದು 2020ರ ಜನವರಿ 1ರಂದು. ಮೂರು ಪಡೆಗಳ ಅಧಿಕಾರ ಹಂಚಿಕೆಯ ಪ್ರಶ್ನೆ ಅಲ್ಲಿತ್ತಲ್ಲ.

1962ರ ಸೋಲನ್ನು ಪರಿಶೀಲಿಸಿದ ಇಬ್ಬರಲ್ಲಿ ಒಬ್ಬರು ಪ್ರೇಮ್ ಭಗತ್. ನಮ್ಮ ಪುಣೆಯ ಖಡಕಿಯಲ್ಲಿ ನೆಲೆಯಿರುವ, ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನವರು. 1941ರಲ್ಲಿ ನಾಲ್ಕು ದಿನ, 55 ಮೈಲಿ ಉದ್ದಕ್ಕೂ ನೆಲಬಾಂಬು ಹೂತ 15 ಜಾಗಗಳನ್ನು ತೆರವು ಮಾಡಿಸಿ, ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದವರು. ಅವರೂ ಜೊತೆಯ ಸೇನಾಧಿಕಾರಿ ಹೆಂಡರ್ಸನ್ ಬ್ರೂಕ್ಸರೂ 1963ರಲ್ಲಿ ಒಪ್ಪಿಸಿದ ವರದಿ ಗೌಪ್ಯವಾಗಿಯೇ ಉಳಿಯಿತು. 2010ರಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಕಾರಣ, ಅದು ಈಗಲೂ ಕಾರ್ಯಾಚರಣೆಯ ದೃಷ್ಟಿಯಿಂದ ಮಹತ್ವದ್ದು ಎಂಬುದು. ಇದನ್ನು ಕಾಕಾರಿಗೆ ಹೇಳಿದಾಗ ಅವರು ನಕ್ಕು, "ನಮಗ ಅದನ್ನ ಓದಿಸಿಲ್ಲರೀ, ಹತ್ತಿಸಿಳಿಸಿ ಕಲಿಸ್ಯಾರ" ಎಂದರು.