ಸಿಟಿ ಸ್ಕ್ಯಾನಿನಲ್ಲಿ ಕಾಣದ ಚುಕ್ಕೆಗಳು

ಮೆದುಳಿನಲ್ಲಿ ರಕ್ತಸ್ರಾವವಾಗಿ ಬಿದ್ದ ಅಪ್ಪನ ಬಲಗೈ ಮತ್ತೆ ಲೋಟ ಹಿಡಿಯುವಷ್ಟು ಚೇತರಿಸಿಕೊಂಡ ಮೇಲೆ ಡಾಕ್ಟರು ಎಂಆರ್‌ಐ ಮಾಡಿಸಲು ಹೇಳಿದರು. ಮೊದಲ ದಿನದ ಸಿಟಿ ಸ್ಕ್ಯಾನಿನಲ್ಲಿ ಮೆದುಳಿನ ಆಳದ ಭಾಗವಾದ ಥಲಾಮಸ್‌ನಲ್ಲಿ, ಎಡಗಡೆ, ಹೆಪ್ಪುಗಟ್ಟಿದ ರಕ್ತವಷ್ಟೇ ಕಂಡಿತ್ತು. ಈಗಿನ ವರದಿಯಲ್ಲಿ ಹಲವು ಮೈಕ್ರೋಬ್ಲೀಡ್‌ಗಳಿವೆ, ಅಂದರೆ ಸಣ್ಣ ಸಣ್ಣ ರಕ್ತಸ್ರಾವಗಳಿವೆ, ಎಂದು ಬರೆದಿತ್ತು. ಡಾಕ್ಟರು ಸಿಗುವುದು ಸೋಮವಾರ. ವಿವರಿಸುವವರಿಲ್ಲದೆ ಇಂಥ ಲಕೋಟೆಯನ್ನು ಮನೆಯವರ ಕೈಗಿತ್ತು ಕಳಿಸುವ ಪದ್ಧತಿಯನ್ನು ಯಾರು ಮಾಡಿದರೋ! ಅಮ್ಮ ಆಗಲೇ ಚಿಕ್ಕಮ್ಮನಿಗೆ ಫೋನ್ ಮಾಡಿ, “ಮತ್ತೆ ರಕ್ತ ಸೋರುತ್ತಿದೆಯಂತೆ ಕಣೇ” ಎಂದು ಅಳುತ್ತಿದ್ದರು.

ಸೋಮವಾರ ಡಾಕ್ಟರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಬೂದುಬಣ್ಣದ ಮೆದುಳಿನಲ್ಲಿ ಅಲ್ಲಲ್ಲಿ ಎಳ್ಳು ಚೆಲ್ಲಿದಂತೆ ದುಂಡನೆಯ ಕರಿಚುಕ್ಕೆಗಳು. “ಇದು ಈಗ ಸೋರುತ್ತಿರುವ ರಕ್ತವಲ್ಲ. ಎಂದೋ ಸಣ್ಣ ನಾಳಗಳಿಂದ ಜಿನುಗಿದ ರಕ್ತದ ಕಬ್ಬಿಣ ಅಲ್ಲೇ ಉಳಿದಿದೆ. ಎಸ್‌ಡಬ್ಲ್ಯೂಐ ಎಂಬ ಈ ಬಗೆಯ ಚಿತ್ರದಲ್ಲಿ ಆ ಕಬ್ಬಿಣ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಿಟಿಯಲ್ಲಿ ಇವು ಕಾಣುವುದಿಲ್ಲ” ಎಂದರು.

ಅವರು ನೋಡಿದ್ದು ಚುಕ್ಕೆಗಳ ಲೆಕ್ಕಕ್ಕಿಂತ ಹೆಚ್ಚಾಗಿ ಜಾಗವನ್ನು. ಮೆದುಳಿನ ಹೊರಪದರದಲ್ಲಷ್ಟೇ ಇದ್ದಿದ್ದರೆ, ವಯಸ್ಸಾದವರ ರಕ್ತನಾಳದ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಸೇರಿಕೊಳ್ಳುವ ಕಾಯಿಲೆಯನ್ನು ಶಂಕಿಸಬೇಕಿತ್ತಂತೆ. ಅದರಲ್ಲಿ ಮತ್ತೆ ರಕ್ತಸ್ರಾವವಾಗುವ ಭಯ ಹೆಚ್ಚು. ಅಪ್ಪನವು ಥಲಾಮಸ್ ಮತ್ತು ಮೆದುಳುಕಾಂಡದಲ್ಲಿ, ಆಳದಲ್ಲಿದ್ದವು. ಅಲ್ಲಿ ಮುಖ್ಯ ಆರೋಪಿ ಬಿಪಿ.

“ನನಗೆ ಒಂದು ದಿನವೂ ತಲೆನೋವು ಬಂದಿರಲಿಲ್ಲವಲ್ಲ, ಡಾಕ್ಟರೇ?”

“ಬಿಪಿ ಹೇಳಿ ಕೇಳಿ ಏರುವುದಿಲ್ಲ, ಯಜಮಾನರೇ. ಮಾತ್ರೆ ಯಾವಾಗ ಬಿಟ್ಟಿರಿ?”

ಅಪ್ಪ ಸೂರು ನೋಡಿದರು. ನಿವೃತ್ತಿಯಾದ ವರ್ಷವೇ, ಇನ್ನು ಕಚೇರಿಯ ತಲೆಬಿಸಿಯಿಲ್ಲವೆಂದು ಬಿಟ್ಟಿದ್ದರು. ಬದಲಿಗೆ, ವಾಕಿಂಗ್ ಗೆಳೆಯರೊಬ್ಬರ ಮಾತು ಕೇಳಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಆಸ್ಪಿರಿನ್ ದಿನಕ್ಕೊಂದು ನುಂಗುತ್ತಿದ್ದರು. ಸ್ಟೆಂಟ್ ಹಾಕಿಸಿಕೊಂಡವರ ಲೆಕ್ಕ ಬೇರೆ, ನಿಮಗೆ ಅದರ ಅಗತ್ಯವೇ ಇಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಚುಕ್ಕೆ ಕರಗಿಸುವ ಮಾತ್ರೆ ಇದೆಯೇ ಎಂದು ಅಮ್ಮ ಕೇಳಿದರು. ಇಲ್ಲ. ಹೊಸವು ಮೂಡದಂತೆ, ಅದಕ್ಕಿಂತ ಮುಖ್ಯವಾಗಿ ಇನ್ನೊಂದು ದೊಡ್ಡ ರಕ್ತಸ್ರಾವವಾಗದಂತೆ ಬಿಪಿಯನ್ನು 130/80ರ ಕೆಳಗೆ ಇಡುವುದೇ ಚಿಕಿತ್ಸೆ.

ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬಿಪಿ ಲೆಕ್ಕ. ಮಾತ್ರೆಯ ಬಗ್ಗೆ ತಕರಾರಿಲ್ಲ, ಜಗಳವೆಲ್ಲ ಮಿಡಿ ಉಪ್ಪಿನಕಾಯಿಯದು. ಮೇಲಿನ ಅಂಕಿ 140 ದಾಟಿದ ದಿನ, ಯಂತ್ರದ ಬ್ಯಾಟರಿ ಹೋಗಿದೆ ಎನ್ನುತ್ತಾರೆ ಅಪ್ಪ.