ಟಿಕ್ ಅಂದ ಪಟ್ಟಿ

ಸೂಜಿ ಅಂದರೆ ನನಗೆ ಚಿಕ್ಕಂದಿನಿಂದಲೂ ಆಗುವುದಿಲ್ಲ. ಸಿರಿಂಜ್ ಕಂಡರೆ ಸಾಕು, ಕಿವಿ ಗುಂಯ್ ಅನ್ನುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ. ಎರಡು ಸಲ ಕುರ್ಚಿಯಿಂದ ಜಾರಿ ಬಿದ್ದಿದ್ದೇನೆ. ಫ್ಲೂ ಲಸಿಕೆಯನ್ನು ವರ್ಷ ವರ್ಷವೂ ಮುಂದೂಡುತ್ತಲೇ ಬಂದವಳು ನಾನು. ಹಾಗಾಗಿ ಚರ್ಮಕ್ಕೆ ಅಂಟಿಸಿಕೊಳ್ಳುವ ಲಸಿಕೆಯ ಪ್ರಯೋಗಕ್ಕೆ ಜನ ಬೇಕು ಅಂತ ಗೊತ್ತಾದ ದಿನವೇ ಹೆಸರು ಕೊಟ್ಟೆ.

ಸಿಸ್ಟರ್ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟರು. ಸಣ್ಣದೊಂದು ಪಟ್ಟಿ, ನಡುವೆ ಚುಕ್ಕೆ ಚುಕ್ಕೆಯ ಚೌಕ. ಬೆಳಕಿಗೆ ಹಿಡಿದಾಗ ಆ ಚುಕ್ಕೆಗಳಿಗೆಲ್ಲ ಮೊನೆ ಇರುವುದು ಕಂಡಿತು. ಒಟ್ಟು ನೂರು ಸೂಜಿ! ಒಂದೊಂದೂ ಒಂದು ಮಿಲಿಮೀಟರಿಗಿಂತ ಗಿಡ್ಡ. ಕರಗುವ ಪದಾರ್ಥದ ಜೊತೆ ಲಸಿಕೆ ಬೆರೆಸಿ, ಅಚ್ಚಿಗೆ ಹಾಕಿ ಒಣಗಿಸಿರುತ್ತಾರಂತೆ. ಚರ್ಮದೊಳಗೆ ಹೋದ ಮೊನೆ ಅಲ್ಲೇ ಕರಗಿಬಿಡುತ್ತದೆ.

“ನೀವೇ ಹಚ್ಚಿಕೊಳ್ಳಬೇಕು. ನಾನು ಮುಟ್ಟೋ ಹಾಗಿಲ್ಲ” ಅಂದರು ಸಿಸ್ಟರ್. ಚಿತ್ರಗಳಿದ್ದ ಹಾಳೆಯೊಂದನ್ನು ನನ್ನ ಮುಂದಿಟ್ಟು ಸುಮ್ಮನೆ ಕೂತರು.

ಪಟ್ಟಿಯನ್ನು ಮಣಿಕಟ್ಟಿನ ಮೇಲಿಟ್ಟೆ. ಹೆಬ್ಬೆರಳು ಊರಿದೆ. ಒತ್ತಲು ಮಾತ್ರ ಆಗಲೊಲ್ಲದು. ಅಂಗೈ ಬೆವರಿತು. ಇಷ್ಟು ವರ್ಷ ಬೇರೆಯವರು ಚುಚ್ಚುತ್ತಿದ್ದರು, ನಾನು ಮುಖ ಆ ಕಡೆ ತಿರುಗಿಸುತ್ತಿದ್ದೆ. ಇವತ್ತು ನೋಡದೆ ವಿಧಿಯಿಲ್ಲ, ಅಲ್ವಾ?

“ನಿಧಾನವಾಗಿ ಮಾಡಿ. ಅವಸರ ಏನಿಲ್ಲ.”

ಒತ್ತಿದೆ. ಇನ್ನೂ ಸ್ವಲ್ಪ ಒತ್ತಿದೆ. ‘ಟಿಕ್’ ಅಂತು! ಬೇಕಾದಷ್ಟು ಬಲ ಬಿತ್ತು ಅನ್ನುವುದಕ್ಕೆ ಅದೇ ಗುರುತು. ಒರಟು ಬ್ರಷ್ಷನ್ನು ಚರ್ಮಕ್ಕೆ ಒತ್ತಿ ಹಿಡಿದ ಹಾಗಿತ್ತು, ಅಷ್ಟೇ. ಕಿವಿ ಗುಂಯ್ ಅನ್ನಲಿಲ್ಲ. ಕುರ್ಚಿಯಲ್ಲೇ ಕೂತಿದ್ದೆ. ಕಣ್ಣಲ್ಲಿ ನೀರು ಬಂತು, ಅದು ಬೇರೆ ಕಾರಣಕ್ಕೆ.

ಇಪ್ಪತ್ತು ನಿಮಿಷ ಹಾಗೇ ಇರಬೇಕಿತ್ತು. ಸಿಸ್ಟರ್ ಮಾತಿಗಿಳಿದರು. 2015ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ 100 ಜನರ ಮೇಲೆ ಇಂಥದ್ದೇ ಫ್ಲೂ ಪಟ್ಟಿಯ ಪ್ರಯೋಗ ನಡೆದಿತ್ತಂತೆ. ತಾವೇ ಹಚ್ಚಿಕೊಂಡವರಿಗೂ ನರ್ಸ್ ಕೈಯಲ್ಲಿ ಹಚ್ಚಿಸಿಕೊಂಡವರಿಗೂ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಗ್ಯಾಂಬಿಯಾದಲ್ಲಿ ಒಂಬತ್ತು ತಿಂಗಳ ಕೂಸುಗಳಿಗೂ ದಡಾರ-ರುಬೆಲ್ಲಾ ಪಟ್ಟಿ ಹಚ್ಚಿ ನೋಡಿದ್ದಾರೆ. ಆದರೆ ಅವರ ದನಿ ಬದಲಾದದ್ದು ಬಿಸಿಲಿನ ವಿಷಯ ಬಂದಾಗ. ಅಟ್ಲಾಂಟಾದ ಪಟ್ಟಿಯನ್ನು 40 ಡಿಗ್ರಿಯಲ್ಲಿ ಒಂದು ವರ್ಷ ಇಟ್ಟರೂ ಲಸಿಕೆ ಕೆಟ್ಟಿರಲಿಲ್ಲ.

“ಐಸ್ ಡಬ್ಬಿ ಹೆಗಲಿಗೆ ಹಾಕ್ಕೊಂಡು ಮೈಲಿಗಟ್ಟಲೆ ನಡೆದಿದ್ದೀನಿ. ಐಸ್ ಕರಗಿ ಲಸಿಕೆ ಚೆಲ್ಲಬೇಕಾಗಿ ಬಂದಾಗ ಹೊಟ್ಟೆ ಉರೀತಿತ್ತು” ಅಂದರು. ನನ್ನ ಹೆದರಿಕೆ ಒಂದನ್ನೇ ಹೊತ್ತುಕೊಂಡು ಬಂದಿದ್ದ ನನಗೆ ಆ ಡಬ್ಬಿಯ ಭಾರ ಆವತ್ತೇ ಗೊತ್ತಾಗಿದ್ದು.

ಹೊತ್ತಾದ ಮೇಲೆ ಪಟ್ಟಿ ಕಿತ್ತೆ. ಸಿಸ್ಟರ್ ಭೂತಗನ್ನಡಿ ಕೊಟ್ಟರು. ಮೊನೆಗಳೇ ಇರಲಿಲ್ಲ, ಬರೀ ಮೊಂಡು ಬುಡಗಳು. ಮಣಿಕಟ್ಟಿನ ಮೇಲೆ ತೆಳುವಾದ ಕೆಂಪು ಚೌಕ ಮೂಡಿತ್ತು.

ಮೂರು ದಿನ ಸ್ವಲ್ಪ ತುರಿಸಿತು. ಆ ಮೂರೂ ದಿನ ಕೈಗಡಿಯಾರವನ್ನು ಇನ್ನೊಂದು ಕೈಗೆ ಕಟ್ಟಿಕೊಂಡಿದ್ದೆ, ಚೌಕ ಕಾಣಲಿ ಅಂತ.