ಶಿಬಿರ ಮುಗಿದ ಮೇಲೆ ನಾಟಕದ ಮೇಷ್ಟ್ರು ಎಲ್ಲಿಗೆ ಹೋಗುತ್ತಾರೆ?

ನಾನಿರುವ ಕೊವೆಂಟ್ರಿ ಇಂಗ್ಲೆಂಡಿನ ನಡುಭಾಗದ ಊರು. ನಮ್ಮ ಕಡೆಯವರು ಇಲ್ಲಿಗೆ ಬರುವುದು ಹೆಚ್ಚಾಗಿ ಕಾರು ಕಂಪನಿಗಳ ಕೆಲಸಕ್ಕೆ, ಇಲ್ಲವೇ ಯೂನಿವರ್ಸಿಟಿಯಲ್ಲಿ ಓದಲಿಕ್ಕೆ. ನಮ್ಮ ಮನೆಯವರೂ ಕೆಲಸಕ್ಕೆಂದೇ ಬಂದವರು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಓದುಗರಿಗೆ ಈ ಊರಿನ ಬಗ್ಗೆ ನಾನು ಹೇಳಬೇಕು ಅಂದುಕೊಂಡಿರುವುದು ಬೇರೆಯೇ ವಿಷಯ. ನಟರು ಸಂಬಳ ತೆಗೆದುಕೊಂಡು ಶಾಲೆಗಳಿಗೆ ಹೋಗಿ, ಮಕ್ಕಳನ್ನೂ ಸೇರಿಸಿಕೊಂಡು ನಾಟಕ ಮಾಡುವ ಒಂದು ಪದ್ಧತಿ ಶುರುವಾದದ್ದು ಇದೇ ಊರಿನಲ್ಲಿ.

1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಬಾಂಬ್ ಸುರಿದು ಈ ಊರಿನ ನಡುಭಾಗವನ್ನೇ ಹಾಳು ಮಾಡಿದವು. ಯುದ್ಧ ಮುಗಿದ ಮೇಲೆ ಊರನ್ನು ಮತ್ತೆ ಕಟ್ಟುವಾಗ ಒಂದು ರಂಗಮಂದಿರವನ್ನೂ ಕಟ್ಟಿದರು. ಅದಕ್ಕೆ ಮರವನ್ನು ಉಡುಗೊರೆಯಾಗಿ ಕಳಿಸಿದ್ದು ಬೆಲ್‌ಗ್ರೇಡ್ ನಗರ. ಹಾಗಾಗಿ ಅದರ ಹೆಸರು ಬೆಲ್‌ಗ್ರೇಡ್ ಥಿಯೇಟರ್. 1958ರಲ್ಲಿ ಅದು ತೆರೆಯಿತು. 1965ರಲ್ಲಿ ಅಲ್ಲಿ ಒಂದು ಸಣ್ಣ ತಂಡ ಹುಟ್ಟಿತು. ತಂಡದವರು ಅರ್ಧ ನಟರು, ಅರ್ಧ ಮೇಷ್ಟ್ರು. ಶಾಲೆಗೆ ಹೋಗುವುದು, ಒಂದು ಕಥೆ ಶುರು ಮಾಡುವುದು, ಕಥೆ ಕಷ್ಟದ ಜಾಗಕ್ಕೆ ಬಂದಾಗ ಮಕ್ಕಳನ್ನೇ ಒಳಗೆ ಕರೆದುಕೊಂಡು ‘ಈಗ ಏನು ಮಾಡೋಣ?’ ಎಂದು ಕೇಳುವುದು, ಇದು ಅವರ ಕೆಲಸ. ಥಿಯೇಟರ್ ಇನ್ ಎಜುಕೇಶನ್ ಎಂದು ಅದಕ್ಕೆ ಹೆಸರು ಬಂತು. ಅಲ್ಲಿಂದ ಅದು ಬೇರೆ ಊರುಗಳಿಗೆ, ಬೇರೆ ದೇಶಗಳಿಗೆ ಹರಡಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಕೂಡ 1989ರಲ್ಲಿ ಇಂಥದ್ದೇ ಒಂದು ತಂಡ ಕಟ್ಟಿತು.

ಇದನ್ನೆಲ್ಲ ಹೇಳುತ್ತಿರುವುದು ‘ನೋಡಿ, ಇಂಗ್ಲೆಂಡಿನವರು ಎಷ್ಟು ಮುಂದೆ ಇದ್ದಾರೆ’ ಅನ್ನಲಿಕ್ಕಲ್ಲ. ನಾಟಕದ ವಿಷಯದಲ್ಲಿ ಸಾಗರ ಸೀಮೆಯವರು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಮ್ ಎಂಬ ರಂಗಸಂಸ್ಥೆ ಶುರುವಾದದ್ದು 1949ರಲ್ಲಿ. ಅಂದರೆ ಇಲ್ಲಿನ ರಂಗಮಂದಿರಕ್ಕಿಂತ ಅದು ಹಳೆಯದು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಬಂತು, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಿರುಗಾಟ ಬಂತು. ನೀನಾಸಮ್ ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಅಲ್ಲಿ ಕಲಿತು ಹೊರಬಂದ ಹುಡುಗ ಹುಡುಗಿಯರು ಇವತ್ತು ಕರ್ನಾಟಕದ ಮೂಲೆ ಮೂಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದಾರೆ. ಶಿವಮೊಗ್ಗ ಪೇಟೆಯಲ್ಲೇ ಸರ್ಕಾರದ ರಂಗಸಂಸ್ಥೆ ರಂಗಾಯಣ ಇದೆ. ಹವ್ಯಾಸಿ ತಂಡಗಳೂ ಇವೆ. ಕಲಿಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರನ್ನು ನಾವು ಏಪ್ರಿಲ್, ಮೇ ತಿಂಗಳಲ್ಲಿ, ಮಕ್ಕಳ ಬೇಸಿಗೆ ಶಿಬಿರಕ್ಕೆ ಮಾತ್ರ ನೆನಪು ಮಾಡಿಕೊಳ್ಳುತ್ತೇವೆ. ನನ್ನ ತಕರಾರು ಇಷ್ಟೇ.

ನನ್ನ ಮಗಳು ಇಲ್ಲಿ ಪ್ರತಿ ಶನಿವಾರ ಒಂದು ನಾಟಕದ ಗುಂಪಿಗೆ ಹೋಗುತ್ತಾಳೆ. ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ಗುಂಪು. ಶಾಲೆಯ ಟರ್ಮ್ ಇರುವಷ್ಟು ದಿನ ಅದೂ ಇರುತ್ತದೆ. ಕಲಿಸುವವರು ಇಬ್ಬರು, ಇಬ್ಬರೂ ನಟರು. ನಾಟಕ ಸಿಕ್ಕಾಗ ನಾಟಕ ಮಾಡುತ್ತಾರೆ, ಉಳಿದ ವಾರಗಳಲ್ಲಿ ಶಾಲೆ, ಲೈಬ್ರರಿ, ವೃದ್ಧಾಶ್ರಮಗಳಲ್ಲಿ ಕಾರ್ಯಾಗಾರ ನಡೆಸುತ್ತಾರೆ. ಅವರ ದುಡಿಮೆಗೆ ಗಂಟೆಯ ಲೆಕ್ಕದಲ್ಲಿ ಹಣ ಬರುತ್ತದೆ. ಜೀವನ ಸುಲಭವೇನಲ್ಲ. ಸರ್ಕಾರದ ಹಣ ಕಡಿಮೆಯಾಗುತ್ತಿದೆ, ಬಾಡಿಗೆ ಏರುತ್ತಿದೆ ಎಂದು ಅವರೂ ಹೇಳುತ್ತಾರೆ. ಆದರೆ ಮುಂದಿನ ಟರ್ಮಿನಲ್ಲಿ ಯಾವ ದಿನ, ಎಷ್ಟು ಗಂಟೆ ಕೆಲಸ ಇದೆ ಅನ್ನುವುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಹೊಟ್ಟೆಪಾಡಿಗೆ ಅದು ಬಹಳ ದೊಡ್ಡ ಮಾತು.

ಹೋದ ಚಳಿಗಾಲದಲ್ಲಿ ಆ ಗುಂಪು ಯುದ್ಧಕಾಲದ ಕಥೆಯೊಂದನ್ನು ಎತ್ತಿಕೊಂಡಿತು. ಬಾಂಬ್ ಭಯಕ್ಕೆ ಪಟ್ಟಣದ ಮಕ್ಕಳನ್ನು ಹಳ್ಳಿಗಳಿಗೆ ಕಳಿಸುತ್ತಿದ್ದ ಕಾಲ ಅದು. ಮೇಷ್ಟ್ರು ಒಂದು ಹಳೆಯ ಕೋಟು ಹಾಕಿಕೊಂಡು ಅಧಿಕಾರಿಯಾಗಿ ಒಳಗೆ ಬಂದರು. ‘ನಾಳೆ ಬೆಳಗ್ಗೆ ರೈಲು. ಒಬ್ಬರಿಗೆ ಒಂದು ಸಣ್ಣ ಪೆಟ್ಟಿಗೆ ಮಾತ್ರ. ಏನು ತುಂಬಿಕೊಳ್ಳುತ್ತೀರಿ?’ ಎಂದರು. ಆಮೇಲೆ ಒಂದಿಡೀ ಶನಿವಾರ ಮಕ್ಕಳು ಅದನ್ನೇ ಆಡಿದರು. ಯಾರ ಕೈಯಲ್ಲೂ ಬರೆದ ಮಾತು ಇರಲಿಲ್ಲ. ಕಲಿಸುವವರೇ ಪಾತ್ರವಾಗಿ ಮಕ್ಕಳ ನಡುವೆ ಇಳಿಯುವ ಈ ರೀತಿಯನ್ನು ಬೆಳೆಸಿದವರಲ್ಲಿ ಡೊರೊಥಿ ಹೀತ್‌ಕೋಟ್ ದೊಡ್ಡ ಹೆಸರು. 1926ರಿಂದ 2011ರವರೆಗೆ ಬದುಕಿದ್ದವರು. ನ್ಯೂಕ್ಯಾಸಲ್‌ನಲ್ಲಿ ಶಿಕ್ಷಕರಿಗೆ ಪಾಠ ಹೇಳುತ್ತಿದ್ದರು. ಮೇಷ್ಟ್ರಿಗೆ ಎಲ್ಲ ಗೊತ್ತು, ಮಕ್ಕಳಿಗೆ ಏನೂ ಗೊತ್ತಿಲ್ಲ ಅನ್ನುವ ಲೆಕ್ಕವನ್ನು ಅವರು ತಿರುಗಿಸಿ ಹಾಕಿದರು.

ಈ ಸಲ ಈಸ್ಟರ್ ರಜೆಗೆ ಊರಿಗೆ ಬಂದಾಗ ಮಗಳನ್ನು ಸಾಗರ ತಾಲ್ಲೂಕಿನ ಒಂದು ಶಿಬಿರಕ್ಕೆ ಸೇರಿಸಿದೆ. ನಡೆಸುತ್ತಿದ್ದವರು ಗಂಡ ಹೆಂಡತಿ, ಇಬ್ಬರೂ ನಾಟಕದವರು. ಜಾಗ ಸರ್ಕಾರಿ ಶಾಲೆಯ ಅಂಗಳ. ಮಕ್ಕಳೆಲ್ಲ ಅವರನ್ನು ಅಣ್ಣ, ಅಕ್ಕ ಅಂತಲೇ ಕರೆಯುತ್ತಿದ್ದರು. ನಾನು ಅವಲಕ್ಕಿ, ಪಾನಕ ಮಾಡುವ ಗುಂಪಿನಲ್ಲಿದ್ದೆ. ಹಾಗಾಗಿ ದಿನವೂ ನೋಡಲಿಕ್ಕೆ ಸಿಕ್ಕಿತು.

ಒಂದು ದಿನ ಅಣ್ಣ ಕಂಕುಳಲ್ಲಿ ಫೈಲು ಇಟ್ಟುಕೊಂಡು ಸರ್ವೆ ಅಧಿಕಾರಿಯಾಗಿ ಬಂದರು. ‘ಇಲ್ಲೊಂದು ಡ್ಯಾಮ್ ಆಗ್ತದೆ. ಮಳೆಗಾಲದ ಮೊದಲು ಊರು ಖಾಲಿ ಮಾಡಬೇಕು. ಏನೇನು ತಗೊಂಡು ಹೋಗ್ತೀರಿ, ಬರೆಸಿ’ ಎಂದರು. ನಾನು ಕೈಲಿದ್ದ ಸೌಟನ್ನು ಅಲ್ಲೇ ಇಟ್ಟು ನಿಂತುಬಿಟ್ಟೆ. ಕೊವೆಂಟ್ರಿಯಲ್ಲಿ ಕೇಳಿದ ಅದೇ ಪ್ರಶ್ನೆ! ಆದರೆ ಸಾಗರದಲ್ಲಿ ಅದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದಾಗ ಶರಾವತಿ ಹಿನ್ನೀರಿನಲ್ಲಿ ಮುಳುಗಿದ್ದು ಈ ಮಕ್ಕಳ ಅಜ್ಜ ಅಜ್ಜಿಯರ ಮನೆಗಳೇ. ಮುಳುಗಡೆಯಾಗಿ ಬಂದವರು ಎಂಬ ಮಾತನ್ನು ಮನೆಯಲ್ಲಿ ಕೇಳಿ ಬೆಳೆದ ಮಕ್ಕಳು ಅವರು.

ಮೊದಲು ಟಿವಿ, ಸೈಕಲ್, ಮೊಬೈಲ್ ಎಂದು ಕೂಗಿದರು. ಒಬ್ಬಳು ದನ ಅಂದಳು. ಎಷ್ಟು ದೂರ ನಡೆಸಿಕೊಂಡು ಹೋಗ್ತೀಯಾ ಎಂದು ಅಧಿಕಾರಿ ಕೇಳಿದರು. ಒಬ್ಬ ಹುಡುಗ ಅಡಿಕೆ ತೋಟ ಬರೆಸಿ ಎಂದ. ತೋಟ ಕಿತ್ತುಕೊಂಡು ಹೋಗಲಿಕ್ಕೆ ಬರುವುದಿಲ್ಲವಲ್ಲ ಅಂದಾಗ ಅವನು ‘ಹಂಗಾರೆ ನಾವೂ ಬರೋದಿಲ್ಲ’ ಎಂದು ನೆಲದ ಮೇಲೆ ಕೂತುಬಿಟ್ಟ. ಅವನ ಹಿಂದೆ ಇನ್ನೂ ನಾಲ್ಕೈದು ಮಕ್ಕಳು ಕೂತರು. ಅಣ್ಣ ಅಲ್ಲಿಗೆ ಆಟ ನಿಲ್ಲಿಸಿ, ಇವತ್ತು ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬನ್ನಿ ಎಂದರು.

ಮಾರನೇ ದಿನ ಮಕ್ಕಳು ತಂದ ಉತ್ತರಗಳೇ ನಾಟಕವಾದವು. ಬಾಗಿಲು ದಾರಂದ ಬಿಚ್ಚಿ ಗಾಡಿಗೆ ಹೇರಿಕೊಂಡು ಬಂದದ್ದು, ಭೂತನ ಕಲ್ಲಿಗೆ ಕೊನೆಯ ಪೂಜೆ ಮಾಡಿದ್ದು, ತುಂಬಿದ ಬಾವಿಯನ್ನು ಬಿಟ್ಟು ಬಂದದ್ದು. ಒಂದು ಮಗುವಿನ ಅಜ್ಜಿ ಎಷ್ಟೋ ವರ್ಷದಿಂದ ಬಾಯಿ ಬಿಡದ ವಿಷಯವನ್ನು ಅವತ್ತು ಮೊಮ್ಮಗಳ ಹತ್ತಿರ ಹೇಳಿದರಂತೆ. ಆ ಮಗುವಿನ ತಾಯಿ ಇದನ್ನು ನನ್ನ ಹತ್ತಿರ ಹೇಳುವಾಗ ಅತ್ತೇಬಿಟ್ಟರು. ಮೇಷ್ಟ್ರು ಹೊರಗಿನಿಂದ ಒಂದು ಪದವನ್ನೂ ತಂದಿರಲಿಲ್ಲ. ಸರಿಯಾದ ಪ್ರಶ್ನೆ ಕೇಳಿ ಕಾಯುವುದಷ್ಟೇ ಅವರು ಮಾಡಿದ್ದು. ಇದು ದೊಡ್ಡ ವಿದ್ಯೆ. ಇದನ್ನು ಟೈಮ್‌ಪಾಸ್ ಎಂದು, ಮಕ್ಕಳು ಬಿಸಿಲಲ್ಲಿ ಅಲೆಯದೇ ಇರಲಿ ಎಂದು ನಡೆಸುವ ಶಿಬಿರ ಎಂದು ಮಾತಾಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ನಮ್ಮ ಶಿಬಿರದಲ್ಲಿ ಇದ್ದು ಕೊವೆಂಟ್ರಿಯ ಗುಂಪಿನಲ್ಲಿ ಇಲ್ಲದ ಒಂದು ಸಂಗತಿಯನ್ನು ಹೇಳಲೇಬೇಕು, ಅದು ಹಾಡು. ಇಲ್ಲಿ ಮಕ್ಕಳು ಚೆನ್ನಾಗಿ ಮಾತಾಡುತ್ತಾರೆ, ಚರ್ಚೆ ಮಾಡುತ್ತಾರೆ, ಆದರೆ ಒಟ್ಟಿಗೆ ಹಾಡಲಿಕ್ಕೆ ನಾಚಿಕೆ. ನಮ್ಮಲ್ಲಿ ಮೊದಲ ದಿನವೇ ಹಾಡು. ಹಾರ್ಮೋನಿಯಂ ಇಲ್ಲದಿದ್ದರೆ ಬೆಂಚು ಬಡಿದುಕೊಂಡಾದರೂ ಹಾಡು. ರಂಗನಿರ್ದೇಶಕ ಬಿ.ವಿ. ಕಾರಂತರು ಹಾಕಿಕೊಟ್ಟ ದಾರಿ ಇದು. ಮಾತು ಬಾರದ ಮಗು ಕೂಡ ಮೇಳದ ನಡುವೆ ನಿಂತು ದನಿ ಸೇರಿಸುತ್ತದೆ. ಅದರ ಮೇಲೆ ನಮ್ಮ ಕಡೆಯ ಮಕ್ಕಳಿಗೆ ಯಕ್ಷಗಾನದ ರುಚಿ ಇದೆ. ಚಂಡೆಯ ಪೆಟ್ಟು ಬಿದ್ದರೆ ಕಾಲು ತಾನಾಗಿಯೇ ಹೆಜ್ಜೆ ಹಾಕುತ್ತದೆ. ನನ್ನ ಮಗಳು ಈಗ ಕೊವೆಂಟ್ರಿಯ ಗುಂಪಿಗೆ ಒಂದು ಕನ್ನಡ ರಂಗಗೀತೆ ಕಲಿಸಿದ್ದಾಳೆ. ಅರ್ಥ ಗೊತ್ತಿಲ್ಲದಿದ್ದರೂ ಎಲ್ಲರೂ ಹಾಡುತ್ತಾರೆ.

ಇನ್ನು ಸಮಾರೋಪದ ವಿಷಯ. ಇಲ್ಲಿ ಟರ್ಮಿನ ಕೊನೆಗೆ ಅಪ್ಪ ಅಮ್ಮಂದಿರನ್ನು ಕರೆದು, ಮಾಡಿದ್ದರಲ್ಲಿ ಸ್ವಲ್ಪ ತೋರಿಸುತ್ತಾರೆ. ಮೇಕಪ್ ಇಲ್ಲ, ಲೈಟ್ ಇಲ್ಲ. ನಮ್ಮಲ್ಲಿ ಸಮಾರೋಪ ಅಂದರೆ ಪೂರ್ತಿ ನಾಟಕ. ಊರಿಗೆ ಊರೇ ಬಂದು ಕೂತು ನೋಡುವುದರ ಬೆಲೆ ನನಗೆ ಗೊತ್ತು, ಅದು ಬೇಕು. ಆದರೆ ಅದರ ಭಾರ ಎಷ್ಟಿದೆ ಅಂದರೆ ಶಿಬಿರದ ಎರಡನೇ ವಾರದಿಂದಲೇ ಆಟಗಳು ನಿಂತು ಬರೀ ರಿಹರ್ಸಲ್ ಆಗುತ್ತದೆ. ನನ್ನ ಮಗನಿಗೆ ಎಷ್ಟು ಮಾತಿದೆ ಎಂದು ಕೇಳುವ ಅಪ್ಪಂದಿರು ಜಾಸ್ತಿ. ಕಲಿಸುವವರಿಗೂ ಬೇರೆ ದಾರಿ ಇಲ್ಲ. ಮುಂದಿನ ವರ್ಷ ಇದೇ ಊರಿನವರು ಕರೆಯಬೇಕಾದರೆ ನಾಟಕ ಚೆನ್ನಾಗಿ ಆಗಲೇಬೇಕು. ವರ್ಷಕ್ಕೆ ಒಂದೇ ಸಲ ಕರೆದರೆ ಹೀಗೇ ಆಗುವುದು.

ಸಮಾರೋಪದ ಮರುದಿನ ಏನಾಗುತ್ತದೆ? ಶಾಲು, ಹಾರ, ಒಂದು ಕವರು ಕೈಗೆ ಬಂದಿರುತ್ತದೆ. ಜೂನ್ ಬಂತು ಅಂದರೆ ಮಳೆ. ಅಕ್ಟೋಬರ್ ಹೊತ್ತಿಗೆ ಯಾವುದಾದರೂ ತಂಡದ ತಿರುಗಾಟಕ್ಕೆ ಸೇರಿದರೆ ಸರಿ. ಇಲ್ಲದಿದ್ದರೆ ಡಿಸೆಂಬರ್, ಜನವರಿಯಲ್ಲಿ ಶಾಲೆ ಕಾಲೇಜುಗಳ ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸಬೇಕು. ನಡುವಿನ ತಿಂಗಳುಗಳಲ್ಲಿ ಕೆಲವರು ತೋಟದ ಕೆಲಸಕ್ಕೆ ಹೋಗುತ್ತಾರೆ, ಕೆಲವರು ಡ್ರೈವಿಂಗ್ ಮಾಡುತ್ತಾರೆ, ಕೆಲವರು ಬೆಂಗಳೂರಿಗೆ ಹೋಗಿ ಸೀರಿಯಲ್ಲಿನ ಬಾಗಿಲು ತಟ್ಟುತ್ತಾರೆ. ಹಾಗೆ ಹೋದವರಲ್ಲಿ ವಾಪಸ್ ಬಾರದವರೂ ಇದ್ದಾರೆ. ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ತೆಗೆದುಕೊಂಡದ್ದು ಉಂಟು. ಅವರಿರುವ ಶಾಲೆಯ ಮಕ್ಕಳು ಪುಣ್ಯವಂತರು. ಆದರೆ ಅಂಥ ಶಾಲೆಗಳು ಕೆಲವೇ ಕೆಲವು.

ವಾರಕ್ಕೊಮ್ಮೆ ತರಗತಿ ಮಾಡಬಹುದಲ್ಲ ಎಂದು ಆ ದಂಪತಿಯನ್ನು ಕೇಳಿದೆ. ‘ಮಾಡಬಹುದು ಅಕ್ಕ, ಆದರೆ ಮಕ್ಕಳು ಮನೆಗೆ ಹೋಗೋದು ಹೇಗೆ?’ ಎಂದರು. ಹೊರಗಿನವರಿಗೆ ಈ ಪ್ರಶ್ನೆ ಅರ್ಥವಾಗಲಿಕ್ಕಿಲ್ಲ. ನಮ್ಮ ಮಲೆನಾಡಿನಲ್ಲಿ ಒಂದು ಮನೆ ಈ ಗುಡ್ಡದ ಕೆಳಗೆ, ಇನ್ನೊಂದು ಮನೆ ಆ ಗುಡ್ಡದ ಆಚೆ. ಸಂಜೆ ಬಸ್ಸು ತಪ್ಪಿದರೆ ಮುಗಿಯಿತು. ಜುಲೈಯಲ್ಲಿ ಹೊಳೆ ಹಳ್ಳ ತುಂಬಿದಾಗ ಶಾಲೆಗೇ ರಜೆ ಕೊಡುತ್ತಾರೆ. ದೀಪಾವಳಿ ಆದಮೇಲೆ ಕೊನೆಕೊಯ್ಲು, ರಾತ್ರಿಯೆಲ್ಲ ಅಡಿಕೆ ಸುಲಿಯುವ ಕೆಲಸ, ಮನೆಯ ದೊಡ್ಡವರು ಯಾರೂ ಮಕ್ಕಳನ್ನು ಕರೆದುಕೊಂಡು ಬರಲಿಕ್ಕೆ ಬಿಡುವಾಗಿರುವುದಿಲ್ಲ. ಮಾರ್ಚ್ ಅಂದರೆ ಪರೀಕ್ಷೆ.

ಕೂತು ಲೆಕ್ಕ ಹಾಕಿದಾಗ ಉತ್ತರ ಶಿಬಿರದ ಅಕ್ಕನಿಗೇ ಹೊಳೆಯಿತು. ಶನಿವಾರ! ಸರ್ಕಾರಿ ಶಾಲೆ ಶನಿವಾರ ಬೆಳಗ್ಗೆ ಮಾತ್ರ. ಮಕ್ಕಳು ಹೇಗೂ ಶಾಲೆಗೆ ಬಂದಿರುತ್ತಾರೆ. ಬೆಲ್ ಹೊಡೆದ ಮೇಲೆ ಎರಡು ಗಂಟೆ ಅಲ್ಲೇ ಉಳಿದರೆ ಆಯಿತು. ಮಧ್ಯಾಹ್ನದ ಬಸ್ಸಿಗೆ ಹಗಲು ಬೆಳಕಿನಲ್ಲೇ ಮನೆಗೆ ಹೋಗಬಹುದು. ಹೊಸ ಜಾಗ ಹುಡುಕಬೇಕಿಲ್ಲ, ಹೊಸ ಗಾಡಿ ಬೇಕಿಲ್ಲ.

ಒಂದು ಶಿಸ್ತನ್ನು ಮಾತ್ರ ಕೊವೆಂಟ್ರಿಯಿಂದ ತೆಗೆದುಕೊಳ್ಳಲೇಬೇಕು ಎಂದು ನಾನು ಹಠ ಹಿಡಿದೆ. ಇಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಮೊದಲು ಪೊಲೀಸ್ ದಾಖಲೆಯ ತಪಾಸಣೆ ಆಗಬೇಕು. ಕೋಣೆಯಲ್ಲಿ ಒಬ್ಬರೇ ದೊಡ್ಡವರು ಇರದ ಹಾಗೆ ನೋಡಿಕೊಳ್ಳುತ್ತಾರೆ. ಯಾವ ಮಗುವಿಗೆ ಯಾವ ತಿಂಡಿ ಆಗುವುದಿಲ್ಲ, ಯಾರ ಫೋಟೋ ತೆಗೆಯಬಾರದು, ಮಗು ಯಾರ ಜೊತೆ ಮನೆಗೆ ಹೋಗಬಹುದು, ಎಲ್ಲ ಬರೆದಿಟ್ಟಿರುತ್ತಾರೆ. ನಮ್ಮಲ್ಲೂ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಇದೆ. ಆದರೆ ‘ಎಲ್ಲ ನಮ್ಮವರೇ’ ಎಂಬ ಭರವಸೆಯಲ್ಲಿ ಎಷ್ಟೋ ಶಿಬಿರಗಳು ಒಂದು ಹಾಜರಿ ಪುಸ್ತಕವೂ ಇಲ್ಲದೆ ನಡೆಯುತ್ತವೆ. ಇದು ಕಲಾವಿದರ ಮೇಲೆ ಅನುಮಾನ ಪಡುವ ಮಾತಲ್ಲ. ಹೆಣ್ಣು ಮಕ್ಕಳನ್ನು ಹದಿಮೂರು ದಾಟಿದ ಮೇಲೂ ಮನೆಯವರು ಧೈರ್ಯವಾಗಿ ನಾಟಕಕ್ಕೆ ಕಳಿಸಬೇಕು ಅಂದರೆ ಇದು ಬೇಕೇ ಬೇಕು.

ದುಡ್ಡು ಎಲ್ಲಿಂದ? ಹೊರದೇಶದಲ್ಲಿರುವ ನಾವು ಊರಿಗೆ ಹಣ ಕಳಿಸುವುದಿಲ್ಲ ಅಂತಲ್ಲ. ರಂಗಮಂದಿರಕ್ಕೆ ಕುರ್ಚಿ, ಸಮಾರೋಪಕ್ಕೆ ಬ್ಯಾನರ್, ಮಕ್ಕಳಿಗೆ ಟೀಶರ್ಟ್ ಎಂದು ಕೊಡುತ್ತೇವೆ. ಕಣ್ಣಿಗೆ ಕಾಣುವ ವಸ್ತುವಿಗೆ ಕೊಡಲಿಕ್ಕೆ ಎಲ್ಲರಿಗೂ ಇಷ್ಟ. ಕಲಿಸುವವರ ತಿಂಗಳ ಸಂಬಳಕ್ಕೆ ಕೊಡುವವರು ಕಡಿಮೆ. ಕುರ್ಚಿ ಇನ್ನು ಸಾಕು ಅನ್ನುತ್ತೇನೆ ನಾನು.

ಕೊವೆಂಟ್ರಿಯಲ್ಲಿರುವ ಮಲೆನಾಡಿನ ಮೂರು ಮನೆಯವರು ಸೇರಿ ಊರಿನ ಒಂದು ಸರ್ಕಾರಿ ಶಾಲೆಯ ಶನಿವಾರಗಳನ್ನು ವಹಿಸಿಕೊಂಡಿದ್ದೇವೆ. ಹೆಡ್‌ಮಾಸ್ಟರು ಒಪ್ಪಿದ್ದಾರೆ, ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಸಭೆಯಲ್ಲೂ ಮಾತಾಗಿದೆ. ಗಣಪತಿ ಹಬ್ಬ ಕಳೆದು ಮಳೆ ಸ್ವಲ್ಪ ಕಡಿಮೆಯಾದ ಮೇಲೆ ಶುರು. ಊರಿನ ಒಬ್ಬರು ನಿವೃತ್ತ ಟೀಚರು ಪ್ರತಿ ವಾರ ಜೊತೆಗಿರುತ್ತಾರೆ, ಹಾಜರಿ ಪುಸ್ತಕ ಅವರದೇ ಜವಾಬ್ದಾರಿ. ಮಕ್ಕಳ ಮಧ್ಯಾಹ್ನದ ತಿಂಡಿಯನ್ನು ಹಳೆ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಾರೆ.

ಆ ದಂಪತಿ ನಮ್ಮ ಹತ್ತಿರ ಕೇಳಿದ್ದು ಎರಡೇ. ರಜೆ ಬಂದರೂ ಬಾರದಿದ್ದರೂ ಹಣ ತಿಂಗಳ ಮೊದಲ ವಾರ ಕೈಗೆ ಬರಬೇಕು. ಮೊದಲ ವರ್ಷ ‘ನಾಟಕ ಯಾವಾಗ?’ ಎಂದು ಯಾರೂ ಕೇಳಬಾರದು. ಎರಡಕ್ಕೂ ಒಪ್ಪಿದ್ದೇವೆ. ನಿಮ್ಮೂರಿನ ಶಾಲೆಯಲ್ಲೂ ಶನಿವಾರ ಮಧ್ಯಾಹ್ನ ಕೋಣೆಗಳು ಖಾಲಿ ಇರುತ್ತವೆ, ನಾಟಕ ಕಲಿತ ಒಬ್ಬರಾದರೂ ಹತ್ತಿರದಲ್ಲೇ ಇರುತ್ತಾರೆ. ಹೋಗಿ ಮಾತಾಡಿಸಿ.